ಫೈಲು ಯಾವ ಇಟ್ಟಿಗೆಯಲ್ಲಿದೆ?

ಸ್ಕ್ಯಾನ್ ಮಾಡಿದ ಫಿಲ್ಮಿನ ಒಂದು ಫ್ರೇಮು ಸುಮಾರು 12 ಎಂಬಿ. ಸೆಕೆಂಡಿಗೆ 24 ಫ್ರೇಮು. ಎರಡೂವರೆ ಗಂಟೆಯ ಸಿನಿಮಾಕ್ಕೆ 2,16,000 ಫ್ರೇಮು, ಅಷ್ಟೇ ಫೈಲು. ಒಟ್ಟು ಎರಡೂವರೆ ಟಿಬಿ ದಾಟುತ್ತದೆ. 2010ರಲ್ಲಿ ನಾನು ಕೆಲಸಕ್ಕಿದ್ದ ಬೆಂಗಳೂರಿನ ಸ್ಟುಡಿಯೊದಲ್ಲಿ ಇಂಥ ನಾಲ್ಕೈದು ಸಿನಿಮಾಗಳ ಕೆಲಸ ಒಟ್ಟೊಟ್ಟಿಗೆ ನಡೆಯುತ್ತಿತ್ತು. ಜೊತೆಗೆ ದಿನಕ್ಕೊಂದು ಕಂತು ಕೇಳುವ ಮೂರು ಧಾರಾವಾಹಿ. ಇಷ್ಟನ್ನೂ ಹಿಡಿಯುವ ಸ್ಟೋರೇಜ್ ಪೆಟ್ಟಿಗೆಗೆ ಬಂದ ಕೊಟೇಶನ್ ನೋಡಿ ಮಾಲೀಕರು, "ಈ ದುಡ್ಡಲ್ಲಿ ನಾವೇ ಒಂದು ಸಿನಿಮಾ ತೆಗೀಬಹುದು ಕಣಪ್ಪ" ಅಂದರು. ಕೊನೆಗೆ ನನ್ನ ಕೈಗೆ ಬಂದದ್ದು ನಾಲ್ಕು ಮಾಮೂಲಿ ಸರ್ವರು, 2 ಟಿಬಿಯ 48 ಡಿಸ್ಕು, ಮತ್ತು ದುಡ್ಡು ಕೊಡಬೇಕಿಲ್ಲದ ಗ್ಲಸ್ಟರ್ ಎಂಬ ತಂತ್ರಾಂಶ.

ಗ್ನೂ ಮತ್ತು ಕ್ಲಸ್ಟರ್ ಎರಡನ್ನೂ ಬೆಸೆದು ಮಾಡಿದ ಹೆಸರು ಅದು. ಅದರ ಹಿಂದಿದ್ದವರು ಆನಂದ್ ಬಾಬು ಪೆರಿಯಸಾಮಿ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯಕ್ಕೆ ಥಂಡರ್ ಎಂಬ ಸೂಪರ್ ಕಂಪ್ಯೂಟರ್ ಕಟ್ಟಿಕೊಟ್ಟ ಕಂಪನಿಯ ತಾಂತ್ರಿಕ ಮುಖ್ಯಸ್ಥರಾಗಿದ್ದವರು. ಆ ಯಂತ್ರ 2004ರ ಜೂನ್ ಪಟ್ಟಿಯಲ್ಲಿ ಜಗತ್ತಿನ ಎರಡನೇ ಅತಿ ವೇಗದ ಕಂಪ್ಯೂಟರ್ ಆಗಿತ್ತು. ಮರುವರ್ಷ ಶುರುವಾದ ಗ್ಲಸ್ಟರ್ ಕಂಪನಿಯ ಹೆಸರಿನ ಫಲಕ ಕ್ಯಾಲಿಫೋರ್ನಿಯಾದಲ್ಲಿದ್ದರೂ ಕೋಡ್ ಬರೆಯುವ ಹುಡುಗರು ಬಹುಪಾಲು ಇದ್ದದ್ದು ಬೆಂಗಳೂರಿನಲ್ಲಿ. ಅವರೂ ನಾನೂ ಒಂದೇ ಊರಿನ ಒಂದೇ ಟ್ರಾಫಿಕ್ಕಿನಲ್ಲಿ ನಿಲ್ಲುತ್ತಿದ್ದೆವು ಎನ್ನುವುದು ಬಿಟ್ಟರೆ ಇದರಿಂದ ನನಗೇನೂ ಲಾಭವಾಗಲಿಲ್ಲ.

ಹಲವು ಸರ್ವರುಗಳ ಡಿಸ್ಕನ್ನು ಸೇರಿಸಿ ಒಂದೇ ಡಿಸ್ಕಿನಂತೆ ಕಾಣಿಸುವ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಒಬ್ಬ ಶಾನುಭೋಗ ಇರುತ್ತಾನೆ. ಯಾವ ಫೈಲು ಯಾವ ಸರ್ವರಿನಲ್ಲಿದೆ ಎಂಬ ಖಾತೆ ಪುಸ್ತಕ ಅವನ ಹತ್ತಿರ. ಅವನು ಮಲಗಿದರೆ ಊರಿನ ಜಮೀನೆಲ್ಲ ಇದ್ದಲ್ಲೇ ಇದ್ದರೂ ಯಾರದ್ದು ಯಾವುದೆಂದು ಹೇಳುವವರಿಲ್ಲ. ಗ್ಲಸ್ಟರ್ ಆ ಹುದ್ದೆಯನ್ನೇ ತೆಗೆದುಹಾಕಿತು. ಫೈಲಿನ ಹೆಸರನ್ನೇ ಒಂದು ಲೆಕ್ಕಕ್ಕೆ ಹಾಕಿ, ಬಂದ ಸಂಖ್ಯೆ ಯಾವ ಸರ್ವರಿನ ಪಾಲಿಗೆ ಬೀಳುತ್ತದೋ ಅಲ್ಲಿ ಇಡುವುದು. ಹುಡುಕುವಾಗಲೂ ಅದೇ ಲೆಕ್ಕ. ಸರ್ವರಿನಲ್ಲಿ ಇದಕ್ಕೆಂದು ಮೀಸಲಿಟ್ಟ ಡೈರೆಕ್ಟರಿಗೆ ಬ್ರಿಕ್ ಎಂದು ಹೆಸರು. ಇಟ್ಟಿಗೆ. ಇಟ್ಟಿಗೆಗಳನ್ನು ಜೋಡಿಸಿದರೆ ವಾಲ್ಯೂಮ್. ನಮ್ಮ ಸ್ಟುಡಿಯೊದಲ್ಲಿ ಎಡಿಟರುಗಳೂ "ಇಟ್ಟಿಗೆ ಬಿತ್ತಾ?" ಅಂತಲೇ ಕೇಳುತ್ತಿದ್ದರು.

ಈ ಬರಹಕ್ಕೆ ಮುಖ್ಯವಾದ ಸಂಗತಿ ಒಂದಿದೆ. ಇಟ್ಟಿಗೆಯೊಳಗೆ ಫೈಲು ಇಡಿಯಾಗಿ, ಅದರ ಸ್ವಂತ ಹೆಸರಿನಲ್ಲೇ ಇರುತ್ತಿತ್ತು. ಗ್ಲಸ್ಟರನ್ನು ಪೂರ್ತಿ ಕಿತ್ತುಹಾಕಿದರೂ ಆ ಡಿಸ್ಕಿಗೆ ಹೋಗಿ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡು ಕೊಟ್ಟರೆ ಸಾಕು, ಫ್ರೇಮುಗಳು ಸಾಲಾಗಿ ಕಾಣುತ್ತಿದ್ದವು.

ಶುರುವಿನಲ್ಲಿ ವಾಲ್ಯೂಮ್ ಕಟ್ಟಲು ಕಮಾಂಡು ಅಂತ ಇರಲೇ ಇಲ್ಲ. ವಾಲ್‌ಫೈಲ್ ಎಂಬ ಪಠ್ಯವನ್ನು ಕೈಯಲ್ಲೇ ಬರೆಯಬೇಕಿತ್ತು. ತಳದಲ್ಲಿ ಡಿಸ್ಕು, ಅದರ ಮೇಲೆ ಬೀಗದ ಪದರ, ಅದರ ಮೇಲೆ ಪ್ರತಿ ತೆಗೆಯುವ ಪದರ, ಅದರ ಮೇಲೆ ಹಂಚುವ ಪದರ. ಪ್ರತಿ ಪದರಕ್ಕೂ ಅದರ ಕೆಳಗಿನದು ಯಾವುದೆಂದು ಹೆಸರು ಹಿಡಿದು ಹೇಳಬೇಕು. ಬರೆದದ್ದನ್ನು ಪ್ರತಿ ಎಡಿಟಿಂಗ್ ಯಂತ್ರಕ್ಕೂ ಒಯ್ದು ಹಾಕಬೇಕು. ಒಂದು ಯಂತ್ರದಲ್ಲಿ ಹಳೆಯ ಪ್ರತಿ ಉಳಿದರೆ ಆ ಯಂತ್ರಕ್ಕೆ ಜಗತ್ತೇ ಬೇರೆ ಕಾಣುತ್ತಿತ್ತು. 2010ರ ಅಕ್ಟೋಬರಿನಲ್ಲಿ 3.1 ಬಂದು ಗ್ಲಸ್ಟರ್ ಎಂಬ ಕಮಾಂಡು ಕೊಟ್ಟಾಗ ನಾನು ವಾಲ್‌ಫೈಲುಗಳನ್ನು ಒಂದು ಸಿಡಿಗೆ ಹಾಕಿಟ್ಟೆ. ಆ ಸಿಡಿಯನ್ನು ಮತ್ತೆ ತೆಗೆದದ್ದಿಲ್ಲ. ಈಗಲೂ ಕೆಲವರು ಆ ಕಾಲವನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ನನಗೆ ಯಾಕೆಂದು ತಿಳಿಯುವುದಿಲ್ಲ.

ಕಮಾಂಡು ಬಂದ ಮೇಲೆ ಕೆಲಸ ನಾಲ್ಕು ಸಾಲಿಗಿಳಿಯಿತು. ಪೀರ್ ಪ್ರೋಬ್ ಅಂತ ಹೇಳಿ ಸರ್ವರುಗಳನ್ನು ಪರಿಚಯ ಮಾಡಿಸು, ವಾಲ್ಯೂಮ್ ಕ್ರಿಯೇಟ್ ಅಂತ ಹೇಳಿ ಇಟ್ಟಿಗೆಗಳ ಪಟ್ಟಿ ಕೊಡು, ಸ್ಟಾರ್ಟ್ ಮಾಡು, ಮೌಂಟ್ ಮಾಡಿ ಫೋಲ್ಡರಿನಂತೆ ಕಾಣಿಸು. ನಮ್ಮದು ಸರ್ವರಿಗೆ ಎರಡರಂತೆ ಎಂಟು ಇಟ್ಟಿಗೆ, ಪ್ರತಿ ಫೈಲಿಗೂ ಎರಡು ಪ್ರತಿ. ನಾನು ಅಚ್ಚುಕಟ್ಟಾಗಿ ಮೊದಲ ಸರ್ವರಿನ ಎರಡು ಇಟ್ಟಿಗೆ, ಎರಡನೆಯದರ ಎರಡು, ಹೀಗೆ ಸಾಲಾಗಿ ಬರೆದೆ. ಎರಡು ದಿನ ಡೇಟಾ ತುಂಬಿದೆ. ಮೂರನೇ ದಿನ ಕೈಪಿಡಿಯ ಒಂದು ಸಾಲು ಕಣ್ಣಿಗೆ ಬಿತ್ತು: ಪಟ್ಟಿಯಲ್ಲಿ ಪಕ್ಕಪಕ್ಕ ಬಂದ ಇಟ್ಟಿಗೆಗಳೇ ಒಂದಕ್ಕೊಂದು ಜೋಡಿ. ಅಂದರೆ ಪ್ರತಿ ಫೈಲಿನ ಎರಡೂ ಪ್ರತಿ ಒಂದೇ ಸರ್ವರಿನ ಹೊಟ್ಟೆಯಲ್ಲಿ. ಆ ಸರ್ವರಿನ ಪವರ್ ಸಪ್ಲೈ ಹೋದರೆ ಎರಡೂ ಹೋದಂತೆ. ಎಲ್ಲ ಅಳಿಸಿ ಇನ್ನೊಮ್ಮೆ ಮಾಡಿದೆ. ಮಾಲೀಕರಿಗೆ "ಟೆಸ್ಟಿಂಗ್ ನಡೀತಿದೆ ಸರ್" ಅಂದೆ. ಮುಂದಿನ ಆವೃತ್ತಿಗಳಲ್ಲಿ ಹೀಗೆ ಬರೆದರೆ ಗ್ಲಸ್ಟರೇ ತಡೆದು ಕೇಳುವಂತಾಯಿತು. ನನ್ನಂತೆ ಎಡವಿದವರು ಸಾಕಷ್ಟು ಮಂದಿ ಇದ್ದಿರಬೇಕು.

ಅದೇ ವರ್ಷ ಸೇರಿದ್ದ ಹುಡುಗನೊಬ್ಬ ಒಂದು ಸಂಜೆ ಖುಷಿಯಲ್ಲಿ ಬಂದು, "ಸರ್, ಡಿಸ್ಕಲ್ಲಿ ಸೊನ್ನೆ ಸೈಜಿನ ಕಸ ಸಾವಿರಗಟ್ಟಲೆ ಇತ್ತು, ಎಲ್ಲ ಕ್ಲೀನ್ ಮಾಡಿದೆ" ಅಂದ. ನನಗೆ ಬಾಯಿ ಒಣಗಿತು. ಎಲ್‌ಎಸ್‌ನಲ್ಲಿ ಒಂಬತ್ತು ಅಡ್ಡಗೆರೆ, ಕೊನೆಯಲ್ಲಿ ದೊಡ್ಡ ಟಿ ಅಕ್ಷರ ತೋರಿಸುವ ಆ ಫೈಲುಗಳು ಕಸವಲ್ಲ. ಫೈಲಿನ ಹೆಸರು ಬದಲಾದರೆ ಲೆಕ್ಕವೂ ಬದಲಾಗಿ ಬೇರೆ ಇಟ್ಟಿಗೆ ಬರುತ್ತದೆ. ಹೆಸರು ಬದಲಾದ ಮಾತ್ರಕ್ಕೆ 12 ಎಂಬಿ ಹೊತ್ತು ಸಾಗಿಸುವುದೇಕೆಂದು ಗ್ಲಸ್ಟರ್ ಹೊಸ ವಿಳಾಸದಲ್ಲಿ ಒಂದು ಚೀಟಿ ಅಂಟಿಸಿ ಬರುತ್ತದೆ, ಮನೆ ಬಿಟ್ಟವರು ಬಾಗಿಲಿಗೆ ಅಂಟಿಸುವಂತೆ. ನಮ್ಮ ಎಡಿಟರುಗಳು ಫೈನಲ್, ಫೈನಲ್ ಟೂ, ಇದೇ ಫೈನಲ್ ಅಂತ ದಿನವಿಡೀ ಹೆಸರು ಬದಲಿಸುವವರಾದ್ದರಿಂದ ಚೀಟಿಗಳು ರಾಶಿ ಬಿದ್ದಿದ್ದವು. ಪುಣ್ಯಕ್ಕೆ ಏನೂ ಆಗಲಿಲ್ಲ. ಲೆಕ್ಕದ ಜಾಗದಲ್ಲಿ ಫೈಲು ಸಿಗದಿದ್ದರೆ ಎಲ್ಲ ಇಟ್ಟಿಗೆಗಳ ಬಾಗಿಲನ್ನೂ ತಟ್ಟಿ, ಸಿಕ್ಕ ಮೇಲೆ ಚೀಟಿಯನ್ನು ಹೊಸದಾಗಿ ಬರೆಯುವ ಬುದ್ಧಿ ಅದಕ್ಕಿತ್ತು. ಎರಡು ದಿನ ಎಲ್ಲ ನಿಧಾನವಾಯಿತು, ಅಷ್ಟೆ. ಆ ಹುಡುಗ ಈಗ ಅಮೆರಿಕದಲ್ಲಿದ್ದಾನೆ, ನನಗಿಂತ ದೊಡ್ಡ ಹುದ್ದೆ.

2011ರ ಗೌರಿ ಹಬ್ಬಕ್ಕೆ ಅರಸೀಕೆರೆ ಕಡೆಯ ನಮ್ಮೂರಿಗೆ ಹೋಗಿದ್ದೆ. ಎರಡು ದಿನ ಸತ್ತು ಬಿದ್ದಿದ್ದ ಮೂರನೇ ಸರ್ವರು ರಿಪೇರಿಯಾಗಿ ಆ ಸಂಜೆ ಎದ್ದಿತ್ತು. ಎದ್ದದ್ದೇನೋ ನಿಜ, ಎರಡು ದಿನದಲ್ಲಿ ಬರೆದದ್ದು ಯಾವುದೂ ಅದರ ಹತ್ತಿರ ಇಲ್ಲ. ಜೋಡಿ ಇಟ್ಟಿಗೆಯಿಂದ ಅದಕ್ಕೆ ತುಂಬಿಕೊಡಬೇಕು. ಗ್ಲಸ್ಟರಿನಲ್ಲಿ ಇದಕ್ಕೆ ಹೀಲ್ ಅನ್ನುತ್ತಾರೆ, ವಾಸಿ ಮಾಡುವುದು. ಆಗಿನ ಆವೃತ್ತಿಯಲ್ಲಿ ಇದು ತಾನಾಗಿ ನಡೆಯುತ್ತಿರಲಿಲ್ಲ. ಯಾರಾದರೂ ಬಂದು ಮುಟ್ಟಿ ಮಾತಾಡಿಸಿದ ಫೈಲು ಮಾತ್ರ ವಾಸಿಯಾಗುತ್ತಿತ್ತು. ಆದ್ದರಿಂದ ಇದ್ದಬದ್ದ ಫೈಲನ್ನೆಲ್ಲ ಫೈಂಡ್ ಕಮಾಂಡಿನಿಂದ ಹುಡುಕಿ, ಒಂದೊಂದನ್ನೂ ಸ್ಟಾಟ್ ಕಮಾಂಡಿನಿಂದ ಮುಟ್ಟಿ, ಬಂದ ಉತ್ತರವನ್ನು ಗಾಳಿಗೆ ಎಸೆಯುವ ಒಂದು ಸಾಲನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದೆವು. ನೈಟ್ ಶಿಫ್ಟ್ ಹುಡುಗನಿಗೆ ಅದು ಗೊತ್ತಿರಲಿಲ್ಲ. ಸಿಗ್ನಲ್ ಸಿಗುತ್ತಿದ್ದದ್ದು ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಮಾತ್ರ.

"ಫೈಂಡ್ ಅಂತ ಹೊಡಿ. ಸ್ಪೇಸ್. ಡಾಟ್. ಸ್ಪೇಸ್. ಹೈಫನ್ ನೋಲೀಫ್. ಸ್ಪೇಸ್. ಹೈಫನ್ ಪ್ರಿಂಟ್ ಸೊನ್ನೆ."

"ಸೊನ್ನೆನಾ ಸರ್, ಓ ನಾ?"

"ಸೊನ್ನೆ. ಆಮೇಲೆ ಪೈಪ್."

"ಪೈಪ್ ಅಂದ್ರೆ ಯಾವ್ದು ಸರ್?"

"ಎಂಟರ್ ಮೇಲೆ ಒಂದು ನಿಂತಿರೋ ಗೆರೆ ಇದೆ ನೋಡು. ಶಿಫ್ಟ್ ಹಿಡ್ಕೊಂಡು ಒತ್ತು."

ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಎರಡು ಸಲ ಲೈನು ಕಟ್ಟಾಯಿತು. ಎಂಟರ್ ಒತ್ತುವ ಮುಂಚೆ ಇಡೀ ಸಾಲನ್ನು ಒಂದೊಂದೇ ಅಕ್ಷರವಾಗಿ ಓದಿಸಿಕೊಂಡೆ. ಯಾವ ಡೈರೆಕ್ಟರಿಯಲ್ಲಿದ್ದೀಯ ಅಂತ ಎರಡು ಸಲ ಕೇಳಿದೆ. ಮೌಂಟಿನೊಳಗೆ ನಿಂತು ಕೊಡಬೇಕಾದ ಸಾಲನ್ನು ಇಟ್ಟಿಗೆಯೊಳಗೆ ನಿಂತು ಕೊಟ್ಟರೆ ಏನೂ ವಾಸಿಯಾಗುವುದಿಲ್ಲ. ಕೆಳಗಿನಿಂದ ಅಮ್ಮ, "ಈ ಹೊತ್ತಲ್ಲಿ ಯಾರಿಗೋ ಮಂತ್ರ ಹೇಳ್ಕೊಡ್ತಿದೀಯ?" ಅಂದಳು. ಮರುದಿನ ರಾತ್ರಿಯ ಹೊತ್ತಿಗೆ ಅದು ಮುಗಿಯಿತು. ಅಲ್ಲಿಯವರೆಗೆ ಎಡಿಟರುಗಳಿಗೆ ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಬೇಕಾಯಿತು. ಅವರು ಬೈದದ್ದು ನನಗಲ್ಲ, ಆ ಹುಡುಗನಿಗೆ.

2012ರಲ್ಲಿ 3.3 ಬಂದು ವಾಸಿ ಮಾಡುವುದಕ್ಕೆಂದೇ ಹಿನ್ನೆಲೆಯಲ್ಲಿ ಓಡುವ ಒಂದು ಡೀಮನ್ ಕೊಟ್ಟಿತು. ಆ ಮಂತ್ರ ಅಂದಿಗೆ ಮುಗಿಯಿತು.

ಅದೇ ವರ್ಷ ಕರ್ನಲ್ ಅಪ್‌ಡೇಟ್ ಮಾಡಿದ ಮರುದಿನ ಇನ್ನೊಂದು ವಿಚಿತ್ರ. ದೊಡ್ಡ ಫೋಲ್ಡರಿನಲ್ಲಿ ಎಲ್‌ಎಸ್ ಕೊಟ್ಟರೆ ಮುಗಿಯುವುದೇ ಇಲ್ಲ. ಅದೇ ಹೆಸರುಗಳು ತಿರುಗಿ ತಿರುಗಿ ಬರುತ್ತವೆ, ಗಾಣದೆತ್ತಿನ ಹಾಗೆ. ಡೈರೆಕ್ಟರಿ ಓದುವಾಗ ಎಲ್ಲಿಯವರೆಗೆ ಓದಿದೆ ಎಂಬ ಗುರುತಿನ ಸಂಖ್ಯೆಯಲ್ಲಿ ಖಾಲಿ ಉಳಿದ ಕೆಲವು ಬಿಟ್ಟುಗಳಿದ್ದವು. ಗ್ಲಸ್ಟರ್ ಅಲ್ಲಿ ಯಾವ ಇಟ್ಟಿಗೆ ಎಂಬುದನ್ನು ತುರುಕುತ್ತಿತ್ತು. ಇಟ್ಟಿಗೆಯ ಕೆಳಗಿನ ಫೈಲ್ ಸಿಸ್ಟಮ್ ಎಕ್ಸ್ಟ್4 ಹೊಸ ಕರ್ನಲ್ಲಿನಲ್ಲಿ ಆ ಖಾಲಿ ಬಿಟ್ಟುಗಳನ್ನೂ ತಾನೇ ಬಳಸತೊಡಗಿತು. ತನ್ನ ಜಾಗವನ್ನು ತಾನು ಬಳಸಿದ್ದು ಅದರ ತಪ್ಪೆನ್ನಲಾಗದು. ಖಾಲಿ ಸೈಟಿನಲ್ಲಿ ಇಷ್ಟು ವರ್ಷ ಕಾರು ನಿಲ್ಲಿಸಿಕೊಂಡಿದ್ದವನು ಈಗ ದೂರುವ ಹಾಗಿಲ್ಲ. ಹಳೆಯ ಕರ್ನಲ್ಲಿಗೆ ಹಿಂದಿರುಗಿ, ಇಟ್ಟಿಗೆಗಳನ್ನು ಒಂದೊಂದಾಗಿ ಎಕ್ಸ್‌ಎಫ್‌ಎಸ್‌ಗೆ ಬದಲಿಸಿದೆ: ಐನೋಡ್ ಗಾತ್ರ 512 ಅಂತ ಹೇಳಿ ಫಾರ್ಮ್ಯಾಟ್ ಮಾಡು, ಜೋಡಿಯಿಂದ ಹೀಲ್ ಫುಲ್ ಕೊಡು, ಕಾಯಿ, ಮುಂದಿನದಕ್ಕೆ ಹೋಗು. ಫಾರ್ಮ್ಯಾಟ್ ಮಾಡಿದ ಕ್ಷಣದಿಂದ ಹೀಲ್ ಮುಗಿಯುವ ತನಕ ಒಂದೇ ಪ್ರತಿ. ಎಂಟು ಇಟ್ಟಿಗೆಗೆ ಐದು ವಾರ. ಆ ಐದು ವಾರ ನನಗೆ ಸರಿಯಾಗಿ ನಿದ್ದೆ ಬಂದ ನೆನಪಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಸ್ಪ್ಲಿಟ್ ಬ್ರೇನ್. 2013ರಲ್ಲಿ ಒಂದು ಮಧ್ಯಾಹ್ನ ನೆಟ್‌ವರ್ಕ್ ಸ್ವಿಚ್ಚೊಂದು ಏಳೆಂಟು ನಿಮಿಷ ಮಲಗಿ ಎದ್ದಿತು. ಆ ನಿಮಿಷಗಳಲ್ಲಿ ಸ್ಟುಡಿಯೊದ ಅರ್ಧಕ್ಕೆ ಒಂದು ಸರ್ವರು, ಇನ್ನರ್ಧಕ್ಕೆ ಅದರ ಜೋಡಿ ಮಾತ್ರ ಕಾಣುತ್ತಿತ್ತು. ಧಾರಾವಾಹಿಯೊಂದರ ಪ್ರಾಜೆಕ್ಟ್ ಫೈಲು ಎರಡು ಕೋಣೆಯಲ್ಲಿ ತೆರೆದಿತ್ತು, ಎರಡೂ ಕಡೆ ಸೇವ್ ಆಯಿತು. ಸ್ವಿಚ್ಚು ಎದ್ದ ಮೇಲೆ ಆ ಫೈಲು ತೆರೆದರೆ ಇನ್‌ಪುಟ್ ಔಟ್‌ಪುಟ್ ಎರರ್. ಸಂಜೆ ಏಳೂವರೆಗೆ ಪ್ರಸಾರ.

ಇಟ್ಟಿಗೆಯೊಳಗಿನ ಫೈಲಿಗೆ ಗೆಟ್ಎಫ್ಆಟ್ಟರ್ ಕಮಾಂಡು ಕೊಟ್ಟರೆ ಅದರ ಬೆನ್ನಿಗೆ ಅಂಟಿದ ಗುಪ್ತ ಟಿಪ್ಪಣಿಗಳು ಕಾಣುತ್ತವೆ. ಅದರಲ್ಲಿ ಜೋಡಿಯ ಬಗ್ಗೆ 24 ಅಂಕಿಯ ಒಂದು ಸಂಖ್ಯೆ. ಮೊದಲ ಎಂಟು ಫೈಲಿನ ಒಳಗಿನದ್ದಕ್ಕೆ, ನಡುವಿನ ಎಂಟು ಅನುಮತಿ ಇತ್ಯಾದಿಗೆ, ಕೊನೆಯ ಎಂಟು ಡೈರೆಕ್ಟರಿಯಲ್ಲಿ ಹೆಸರು ಸೇರಿದ್ದು ಹೋದದ್ದಕ್ಕೆ. ಎಲ್ಲ ಸೊನ್ನೆ ಇದ್ದರೆ ನೆಮ್ಮದಿ. ಸೊನ್ನೆಯಲ್ಲದಿದ್ದರೆ "ನನ್ನ ಜೋಡಿ ಇಷ್ಟು ಬರಹ ತಪ್ಪಿಸಿಕೊಂಡಿದೆ" ಎಂಬ ದೂರು. ಒಬ್ಬ ದೂರಿದರೆ ತೊಂದರೆಯಿಲ್ಲ, ಅವನ ಪ್ರತಿಯೇ ಸರಿ. ಅಂದು ಎರಡೂ ಇಟ್ಟಿಗೆ ಒಂದರ ಮೇಲೊಂದು ದೂರು ಬರೆದು ಕೂತಿದ್ದವು. ಇಬ್ಬರೇ ಸಾಕ್ಷಿ, ಇಬ್ಬರೂ ದೇವರ ಮೇಲೆ ಆಣೆ ಮಾಡಿ ಬೇರೆ ಬೇರೆ ಹೇಳುತ್ತಿದ್ದಾರೆ, ಮೂರನೆಯವನಿಲ್ಲ.

ಎರಡೂ ಪ್ರತಿಯನ್ನು ಇಟ್ಟಿಗೆಯಿಂದ ಹೊರಗೆ ನಕಲು ತೆಗೆದು ಎಡಿಟರಿಗೆ ತೋರಿಸಿದೆ. ಆತ ಎರಡು ನಿಮಿಷದಲ್ಲಿ, "ಚಿಕ್ಕದೇ ಸರಿ. ನಿರ್ದೇಶಕರು ಅತ್ತೆ ಅಳೋ ಸೀನ್ ತೆಗೆಸಿದ್ರಲ್ಲ" ಅಂದ. 2015ರಲ್ಲಿ 3.7 ಬಂದಾಗ ಇಂಥ ಜಗಳ ಬಿಡಿಸಲು ಕಮಾಂಡೇ ಬಂತು, ಅದರ ಒಂದು ಆಯ್ಕೆ "ದೊಡ್ಡ ಫೈಲನ್ನು ಉಳಿಸು". ನಾನು ಆ ಆಯ್ಕೆಯನ್ನು ಎಂದೂ ಬಳಸಿಲ್ಲ. ಅದೇ ಆವೃತ್ತಿಯಲ್ಲಿ ಬಂದ ಆರ್ಬಿಟರ್ ಒಳ್ಳೆಯದಿತ್ತು: ಡೇಟಾ ಹೊರದೆ ಹೆಸರು ಮತ್ತು ಟಿಪ್ಪಣಿ ಮಾತ್ರ ಇಟ್ಟುಕೊಳ್ಳುವ ಮೂರನೇ ಇಟ್ಟಿಗೆ. ಮೂರನೇ ಸಾಕ್ಷಿ ಸಿಕ್ಕಿದ.

ಇಷ್ಟರ ನಡುವೆ ಗ್ಲಸ್ಟರ್ ಕಂಪನಿಯನ್ನು 2011ರ ಅಕ್ಟೋಬರಿನಲ್ಲೇ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತ್ತು. 2014ರಲ್ಲಿ ಅದೇ ರೆಡ್ ಹ್ಯಾಟ್ ಸೆಫ್ ಎಂಬ ಇನ್ನೊಂದು ವ್ಯವಸ್ಥೆಯ ಹಿಂದಿದ್ದ ಇಂಕ್‌ಟ್ಯಾಂಕನ್ನೂ ತಂದಿತು. ಒಂದೇ ಅಡುಗೆಮನೆಗೆ ಇಬ್ಬರು ಸೊಸೆಯರು ಬಂದರೆ ಏನಾಗುತ್ತದೋ ಅದೇ ನಿಧಾನವಾಗಿ ಆಯಿತು. ರೆಡ್ ಹ್ಯಾಟಿನ ಗ್ಲಸ್ಟರ್ ಆವೃತ್ತಿಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ಮುಗಿಯಿತು. ಸೆಫ್ ಇನ್ನೂ ಗಟ್ಟಿಯಾಗಿದೆ.

ನಾನೀಗ ಬೇರೆ ಕಡೆ ಇದ್ದೇನೆ. ನಮ್ಮಲ್ಲಿರುವ ಸ್ಟೋರೇಜ್ ವ್ಯವಸ್ಥೆ ಮಿನ್‌ಐಒ. 2014ರಲ್ಲಿ ಅದನ್ನು ಶುರುಮಾಡಿದವರಲ್ಲಿ ಒಬ್ಬರು ಅದೇ ಆನಂದ್ ಬಾಬು ಪೆರಿಯಸಾಮಿ. ಜಗತ್ತು ಚಿಕ್ಕದು, ನನ್ನ ವೃತ್ತಿ ಇನ್ನೂ ಚಿಕ್ಕದು. ಮಿನ್‌ಐಒದಲ್ಲಿ ಫೈಲನ್ನು ತುಂಡು ಮಾಡಿ, ತುಂಡುಗಳಿಂದ ಲೆಕ್ಕ ಹಾಕಿದ ಹೆಚ್ಚುವರಿ ತುಂಡುಗಳನ್ನು ಸೇರಿಸಿ ಹಂಚುತ್ತಾರೆ. ನಮ್ಮದು 16 ಡಿಸ್ಕಿಗೆ ಒಂದು ಗುಂಪು: 12 ಡೇಟಾ, 4 ಹೆಚ್ಚುವರಿ. ಯಾವ ನಾಲ್ಕು ಡಿಸ್ಕು ಸತ್ತರೂ ಡೇಟಾ ಉಳಿಯುತ್ತದೆ, ಖರ್ಚಾಗುವ ಜಾಗ ಒಂದೂಕಾಲಿಗಿಂತ ಸ್ವಲ್ಪ ಹೆಚ್ಚು ಪಟ್ಟು. ಗ್ಲಸ್ಟರಿನಲ್ಲಿ ಎರಡು ಪಟ್ಟು ಜಾಗ ಕೊಟ್ಟೂ ಜೋಡಿಯ ಎರಡು ಇಟ್ಟಿಗೆ ಬಿದ್ದರೆ ಕಥೆ ಮುಗಿಯುತ್ತಿತ್ತು. ಮಿನ್‌ಐಒದಲ್ಲಿ ಸ್ಪ್ಲಿಟ್ ಬ್ರೇನ್ ಇಲ್ಲ. ಹೀಲ್ ತಾನಾಗಿ ಆಗುತ್ತದೆ. ರಾತ್ರಿ ಫೋನು ಬರುವುದು ಅಪರೂಪ. ಇವುಗಳಲ್ಲಿ ಯಾವುದನ್ನೂ ಹಳೆಯದಕ್ಕೆ ಬದಲಿಸಿಕೊಳ್ಳುವ ಹುಚ್ಚು ನನಗಿಲ್ಲ.

ಒಂದು ತಮಾಷೆ ಮಾತ್ರ ಹೇಳಬೇಕು. 2025ರಲ್ಲಿ ಮಿನ್‌ಐಒ ಉಚಿತ ಆವೃತ್ತಿಯ ವೆಬ್ ಪರದೆಯಿಂದ ಆಡಳಿತದ ಭಾಗವನ್ನೇ ಕಿತ್ತರು. ಬೇಕಿದ್ದರೆ ಎಂಸಿ ಎಂಬ ಕಮಾಂಡು ಬಳಸಿ. ಪರದೆಯ ಮೇಲೆ ಮೌಸು ಒತ್ತಿಕೊಂಡು ಹಾಯಾಗಿದ್ದ ನಮ್ಮ ಹುಡುಗರು ಗೊಣಗುತ್ತಾ ಟರ್ಮಿನಲ್ ತೆರೆದರು. ಪೈಪ್ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ಅಷ್ಟು ಸಮಾಧಾನ.

ಒಂದು ದಿನ ಹೊಸ ಡಿಸ್ಕು ಹಾಕುವಾಗ ಅಭ್ಯಾಸಬಲದಿಂದ ಒಳಹೊಕ್ಕು ಎಲ್‌ಎಸ್ ಕೊಟ್ಟೆ. ಫೈಲಿನ ಹೆಸರಿನ ಒಂದು ಫೋಲ್ಡರು, ಅದರೊಳಗೆ ಎಕ್ಸ್‌ಎಲ್ ಮೆಟಾ ಎಂಬ ಫೈಲು, ಉದ್ದನೆಯ ಸಂಖ್ಯೆಯ ಹೆಸರಿನ ಇನ್ನೊಂದು ಫೋಲ್ಡರು, ಅದರೊಳಗೆ ಪಾರ್ಟ್ ಒಂದು. ತೆರೆದರೆ ಹನ್ನೆರಡರಲ್ಲಿ ಒಂದು ಪಾಲು, ಯಾವುದಕ್ಕೂ ಆಗದ ಬೈಟುಗಳು. "ಈ ವಿಡಿಯೊ ಯಾವ ಡಿಸ್ಕಲ್ಲಿದೆ?" ಅಂದೆ. ಪಕ್ಕದ ಹುಡುಗ, "ಅದ್ಯಾಕೆ ಬೇಕು ಸರ್?" ಅಂದ. ಉತ್ತರ ಹೊಳೆಯಲಿಲ್ಲ. ಗ್ಲಸ್ಟರಿನಲ್ಲಿ ಪಾಥ್‌ಇನ್ಫೊ ಎಂದು ಕೇಳಿದರೆ ಯಾವ ಸರ್ವರಿನ ಯಾವ ಇಟ್ಟಿಗೆ ಎಂದು ಬಿಡಿಸಿ ಹೇಳುತ್ತಿತ್ತು. ನಾನು ಹೋಗಿ ಕೈಯಿಂದ ಎತ್ತಬಹುದಿತ್ತು. ಹಾಗೆ ಎತ್ತಿ ಉಳಿಸಿದ ಫೈಲುಗಳಿವೆ, ನಿಜ. ನನ್ನ ಹಳೆಯ ಲಾಗ್ ಪುಸ್ತಕ ತೆಗೆದು ನೋಡಿದರೆ, ಫೈಲು ಕಳೆದ ಘಟನೆಗಳಲ್ಲೂ ಹೆಚ್ಚಿನವು ಯಾರೋ ಇಟ್ಟಿಗೆಯೊಳಗೆ ಕೈ ಹಾಕಿದ್ದರಿಂದಲೇ ಆದವು. ಆ ಯಾರೋ ಅನೇಕ ಸಲ ನಾನೇ.

2025ರ ಆರಂಭದಲ್ಲಿ ಹಳೆಯ ಸ್ಟುಡಿಯೊದ ಮಾಲೀಕರು ಫೋನ್ ಮಾಡಿದರು. ಆ ನಾಲ್ಕು ಸರ್ವರು ಇನ್ನೂ ಓಡುತ್ತಿವೆ, ಆಫ್ ಮಾಡಿಕೊಡಬೇಕು, ಬೇಕಾದ್ದೆಲ್ಲ ಟೇಪಿಗೆ ಹೋಗಿದೆ ಅಂದರು. ಒಂದು ಶನಿವಾರ ಹೋದೆ. ಡಿಸ್ಕಿಗೆ ತೂತು ಹೊಡೆಯಲು ಡ್ರಿಲ್ಲಿನ ಸಮೇತ ಒಬ್ಬ ಬಡಗಿಯನ್ನೂ ಕರೆಸಿದ್ದರು. ವಾಲ್ಯೂಮ್ ಸ್ಟಾಪ್ ಅಂದೆ. ಡೇಟಾ ಸಿಗದಂತಾಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ವೈ. ವಾಲ್ಯೂಮ್ ಡಿಲೀಟ್ ಅಂದೆ. ವಾಲ್ಯೂಮಿನ ಮಾಹಿತಿಯೆಲ್ಲ ಅಳಿದುಹೋಗುತ್ತದೆ, ಮುಂದುವರಿಯಲೇ. ವೈ.

ಆಗ ಮಾಲೀಕರಿಗೆ ಒಂದು ಹಾಡು ನೆನಪಾಯಿತು. ನಿರ್ಮಾಪಕರೊಬ್ಬರು ಹೊಸದಾಗಿ ಕೇಳಿದ್ದಾರೆ, ಟೇಪಿನ ಪಟ್ಟಿಯಲ್ಲಿ ಅದೊಂದೇ ಇಲ್ಲ. "ಹೋಯ್ತಲ್ಲಪ್ಪ" ಅಂದರು.

ಹೋಗಿರಲಿಲ್ಲ. ವಾಲ್ಯೂಮ್ ಡಿಲೀಟ್ ಅಳಿಸುವುದು ವಾಲ್ಯೂಮಿನ ಹೆಸರು, ಜೋಡಣೆ ಇಷ್ಟನ್ನೇ. ಇಟ್ಟಿಗೆಯೊಳಗಿನ ಫೈಲನ್ನು ಮುಟ್ಟುವುದಿಲ್ಲ. ಎಂಟು ಇಟ್ಟಿಗೆ, ನಾಲ್ಕು ಜೋಡಿ. ಜೋಡಿಗೆ ಒಂದರಂತೆ ನಾಲ್ಕು ಇಟ್ಟಿಗೆಗೆ ಹೋಗಿ ಆ ಹಾಡಿನ ಫೋಲ್ಡರಿನಲ್ಲಿ ಎಷ್ಟು ಫೈಲಿವೆ ಎಣಿಸಿದೆ. ನಾಲ್ಕು ನಿಮಿಷದ ಹಾಡು, 5,760 ಫ್ರೇಮು ಇರಬೇಕು. ಬಂದದ್ದು 5,793. ಮಾಲೀಕರು ನನ್ನ ಮುಖ ನೋಡಿದರು. ಸೊನ್ನೆ ಗಾತ್ರದವನ್ನು ಬಿಟ್ಟು ಎಣಿಸು ಅಂತ ಫೈಂಡ್‌ಗೆ ಹೇಳಿದೆ. 33 ಚೀಟಿಗಳು ಉದುರಿ 5,760 ಉಳಿಯಿತು. ಅದನ್ನೆಲ್ಲ ಒಂದು ಪೋರ್ಟಬಲ್ ಡಿಸ್ಕಿಗೆ ನಕಲಿಸಲು ಹಾಕಿ ಊಟಕ್ಕೆ ಹೋದೆವು. ಬಡಗಿಗೂ ಊಟ ಹೇಳಿದೆವು. ನಕಲು ಮುಗಿಯುವ ತನಕ ಅವನಿಗೆ ಕೆಲಸವಿರಲಿಲ್ಲ.